ತಾಸಿಗೆ ನಲವತ್ತರ ಲೆಕ್ಕ

ಗಾಡಿ ನಡೆಸುತ್ತಿರುವವರಿಗೆ ನಮ್ಮ ಮನೆಯಲ್ಲಿ ಯಾರೂ ಫೋನ್ ಮಾಡುವಂತಿಲ್ಲ. ಧಾರವಾಡದಿಂದ ಪುಣೆಗೆ ಬಂದು, ಇಲ್ಲೇ ಕಾರಕೂನಿಕೆ ಮಾಡಿ ನಿವೃತ್ತರಾದ ನನ್ನ ಮಾವನವರ ಕಟ್ಟಪ್ಪಣೆ ಅದು. ರಾಂಜಣಗಾಂವದ ಕಾರ್ಖಾನೆಯಿಂದ ಹೊರಡುವಾಗ ನನ್ನ ಗಂಡ ‘ಹೊಂಟೆ’ ಎಂದು ಒಮ್ಮೆ ತಿಳಿಸಿದರೆ ಮುಗಿಯಿತು. ಮುಂದಿನದು ಮಾವನವರ ಲೆಕ್ಕ. ವೇಗವನ್ನು ಹೊತ್ತಿನಿಂದ ಗುಣಿಸಿ, ಮಗ ಎಷ್ಟು ದೂರ ಬಂದ ಎಂಬುದನ್ನು ಹಡಪಸರದ ಮನೆಯ ಕುರ್ಚಿಯಲ್ಲಿ ಕೂತೇ ಹೇಳುತ್ತಿದ್ದರು. ‘ಮುಂಢವಾ ಬಂತು, ಹಂಚು ಇಡವ್ವಾ’ ಎಂದರೆ ನಾನು ರೊಟ್ಟಿ ಬಡಿಯಲು ಕೂಡಬೇಕು. ರೊಟ್ಟಿ ಉಬ್ಬುವ ಹೊತ್ತಿಗೆ ಸರಿಯಾಗಿ ಮಗ ಕರೆಗಂಟೆ ಬಾರಿಸಿದ ದಿನ ಮಾವನವರ ಮುಖ ನೋಡಬೇಕಿತ್ತು! ತಡವಾದರೆ ತಪ್ಪು ಮಗನದು: ‘ಚಹಾಕ್ಕ ನಿಂತಾನ, ಮತ್ತೇನು.’

ಹೋದ ಮಳೆಗಾಲದ ಒಂದು ಸಂಜೆ ಅತ್ತೆಗೆ ದಮ್ಮು ಹತ್ತಿತು. ಹಳೆಯ ಕಾಯಿಲೆಯೇ. ಆದರೆ ಅವತ್ತು ಅರ್ಧ ತಾಸಿನಿಂದ ದಮ್ಮಿನ ಪಂಪು ಎಷ್ಟು ಎಳೆದರೂ ಇಳಿಯಲೊಲ್ಲದು.

‘ಮಾವಾರ, ರಿಕ್ಷಾ ತರಲೇನ್ರಿ?’

‘ತಡಿಯವ್ವಾ. ಅಂವಾ ಹೊಂಟು ಒಂದು ತಾಸಾತು. ತಾಸಿಗೆ ನಲವತ್ತು ಹಿಡಿ. ಮಳಿ ಅದ ಅಂತ ಕಡಿಮಿನ ಹಿಡದೇನಿ. ಅಂದ್ರ ನಲವತ್ತು ಕಿಲೋಮೀಟರ್ ಬಂದಾನ, ವಾಘೋಲಿ ದಾಟ್ಯಾನ. ಉಳಿದದ್ದು ಹತ್ತು, ಕಾಲು ತಾಸಿನ ಮಾತು. ಕಾರಿನಾಗ ಆರಾಮ ಹೋಗೋದು ಬಿಟ್ಟು ರಿಕ್ಷಾದಾಗ ಯಾಕ ಕುಲುಕ್ಯಾಡಿಸೋದು?’

ಗುಣಾಕಾರ ಸರಿಯಾಗಿಯೇ ಇತ್ತು. ಹೊತ್ತು ಸರಿಯಿತು. ಅತ್ತೆ ಹಾಸಿಗೆಯ ಅಂಚಿನಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಬಾಯಿ ತೆರೆದು ಉಸಿರಿಗೆ ಹೆಣಗುತ್ತಿದ್ದರು. ‘ಮುಂಢವಾ ಬಂತು’ ಎಂದರು ಮಾವ. ಇನ್ನೊಂದಿಷ್ಟು ಹೊತ್ತಿಗೆ ‘ಮಗರಪಟ್ಟಾ’ ಎಂದರು. ಕಾಲು ತಾಸು ತುಂಬಿದಾಗ ಅವರ ಲೆಕ್ಕದ ಕಾರು ನಮ್ಮ ಗೇಟಿಗೇ ಬಂದು ನಿಂತಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಕಾರು ನಿಲ್ಲಿಸುವ ಜಾಗದಲ್ಲಿ ಬರೀ ಮಳೆನೀರು.

‘ಇಷ್ಟರಾಗ ಬರಬೇಕು’ ಎಂದರು ಮಾವ, ದನಿ ಸಣ್ಣದಾಗಿತ್ತು.

ಅತ್ತೆ ಉಸಿರು ಕಡಿದು ಕಡಿದು ಹೇಳಿದರು: ‘ನಿಮ್ಮ ಲೆಕ್ಕದಾಗ... ನಾ ಆಗಲೇ... ದವಾಖಾನಿ ಮುಟ್ಟೇನ್ರಿ.’

ಅವರ ತುಟಿ ನೀಲಿಗಟ್ಟುತ್ತಿತ್ತು. ನಾನು ಕಟ್ಟಪ್ಪಣೆ ಮೀರಿ ಗಂಡನಿಗೆ ಫೋನ್ ಹಚ್ಚಿದೆ.

‘ಕೋರೆಗಾಂವದಾಗ ಸಿಕ್ಕೊಂಡೇನಿ! ಮುಂದ ಟ್ರಕ್ ಪಲ್ಟಿ ಆಗ್ಯದ, ಗಾಲಿ ತಿರುಗವಲ್ವು. ನನ್ನ ದಾರಿ ನೋಡಬ್ಯಾಡ್ರಿ, ಹೊಂಡ್ರಿ!’

ಅವರಿಗೆ ವಾಘೋಲಿಯೂ ಇನ್ನೂ ಮುಂದಿತ್ತು. ನಾನು ಚಪ್ಪಲಿ ಹಾಕಿಕೊಳ್ಳದೇ ಕೆಳಗೆ ಓಡಿ ರಿಕ್ಷಾ ತಂದೆ. ರಿಕ್ಷಾದವನು ‘ಆಜೀ, ಘಾಬರೂ ನಕಾ’ ಎಂದು ಅತ್ತೆಗೆ ಧೈರ್ಯ ಹೇಳುತ್ತಲೇ ಗುಂಡಿಗಳನ್ನು ತಪ್ಪಿಸಿ ಓಡಿಸಿದ. ಮಾವನವರು ಹೆಂಡತಿಯನ್ನು ಎದೆಗೆ ಒರಗಿಸಿಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಒಂದು ಊರಿನ ಹೆಸರೂ ಅವರ ಬಾಯಲ್ಲಿ ಬರಲಿಲ್ಲ.

ಅತ್ತೆ ಉಳಿದರು, ಓದುವವರು ಅಂಜಬೇಡಿ. ಆದರೆ ಅವರಿಗೆ ಆಕ್ಸಿಜನ್ ಹಚ್ಚಿಸಿ ಹೊರಗೆ ಬಂದ ಡಾಕ್ಟರ್ ಹುಡುಗಿ, ತ್ರಾಸ ಶುರುವಾಗಿ ಎಷ್ಟು ಹೊತ್ತಾಯಿತೆಂದು ಮಾವನವರನ್ನೇ ಕೇಳಿದಳು. ಅವರು ನನ್ನ ಕಡೆ ತಿರುಗಿದರು. ಹತ್ತಿರ ಹತ್ತಿರ ಒಂದು ತಾಸು ಎಂದು ನಾನೇ ಹೇಳಿದೆ.

‘ಇಷ್ಟು ಹೊತ್ತು ಮನೆಯಲ್ಲೇ ಯಾಕೆ ಕೂತಿದ್ದಿರಿ?’ ಎಂದು ಅವಳು ಮರಾಠಿಯಲ್ಲಿ ಕೇಳಿದಳು. ಬೈಯುವ ದನಿಯಿರಲಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು. ಮಾವನವರು ಅಲ್ಲೇ ಬೆಂಚಿನ ಮೇಲೆ ಕೂತರು.