ನಾನು ಹಾಡದ ಸಾಲು

ಹಾಡಿನಿಂದ ಹುಟ್ಟುವ ಭಕ್ತಿಯನ್ನು ನಾನು ನಂಬಿದವಳಲ್ಲ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಗಾಸ್ಪೆಲ್ ಸಂಗೀತ ಪಾಪ್ ಹಾಡುಗಳಿಗೆ, ಅಲ್ಲಿಂದ ನಮ್ಮ ಸಿನಿಮಾ ಹಾಡಿನ ಕೋರಸ್‌ಗೆ ಹೇಗೆ ಬಂತೆಂಬುದು ನನ್ನ ಸಂಶೋಧನೆಯ ವಿಷಯ. ಒಬ್ಬರು ಕರೆಯುತ್ತಾರೆ, ಗುಂಪು ಉತ್ತರಿಸುತ್ತದೆ, ಶ್ರುತಿ ಏರುತ್ತದೆ, ಗಂಟಲು ಕಟ್ಟುತ್ತದೆ. ಇದನ್ನೇ ಜನ ದೇವರು ಬಂದ ಎನ್ನುತ್ತಾರೆ ಎಂದು ಬರೆದೂ ಇದ್ದೆ. ಆ ಮಾತನ್ನು ಈಗಲೂ ಪೂರ್ತಿ ಹಿಂದಕ್ಕೆ ಪಡೆದಿಲ್ಲ.

ಕೆಲವು ವರ್ಷಗಳ ಹಿಂದೆ ಪ್ರತಿ ಭಾನುವಾರ ಬೆಳಿಗ್ಗೆ ತೂಬಗೆರೆಯಿಂದ ಬಸ್ಸು ಹಿಡಿದು ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರ ಪ್ರಾರ್ಥನಾ ಮನೆಗೆ ಹೋಗುತ್ತಿದ್ದೆ. ನಮ್ಮ ಮನೆಯವರಿಗೆ ಲೈಬ್ರರಿಗೆ ಹೋಗುತ್ತೇನೆ ಎಂದಿದ್ದೆ. ಅಲ್ಲಿಗೆ ಬರುವ ನಲವತ್ತು ಮಂದಿಯಲ್ಲಿ ಹೆಚ್ಚಿನವರು ಪವರ್‌ಲೂಮ್ ಕೆಲಸದವರು. ಹಾಡಿನ ಪುಸ್ತಕವಿಲ್ಲ. ಅವರಲ್ಲೊಬ್ಬರಾದ ರೂತಮ್ಮ ಒಂದೊಂದೇ ಸಾಲು ಹಾಡಿಕೊಡುತ್ತಿದ್ದರು, ಉಳಿದವರು ಅದನ್ನೇ ತಿರುಗಿ ಹಾಡುತ್ತಿದ್ದರು. ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕಳೆದ ಆಕೆಗೆ ಕಿವಿ ಮಂದ. ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು.

ಆ ವರ್ಷ ಅವರ ಗಂಟಲಿಗೆ ಆಪರೇಷನ್ ಆಯಿತು, ದನಿ ಒಡೆದು ಮೊದಲಿನಂತೆ ಹಾಡಲಾಗುತ್ತಿರಲಿಲ್ಲ. ಬದುಕಿ ಬಂದದ್ದಕ್ಕೆ ದೇವರಿಗೆಂದು ಹೊಸ ಹಾಡೊಂದನ್ನು ಕಟ್ಟಿ, ಚೀಟಿಯಲ್ಲಿ ಬರೆದು, ಆರಾಧನೆಗೆ ಐದು ನಿಮಿಷ ಮುಂಚೆ ನನ್ನ ಕೈಗಿಟ್ಟರು. ರಾಗ ಎಲ್ಲರಿಗೂ ಗೊತ್ತಿದ್ದದ್ದೇ. ಮಾತನ್ನು ಮಾತ್ರ ಬೇರೆ ಯಾರೂ ನೋಡಿರಲಿಲ್ಲ. "ನೀನು ಹೇಳ್ಕೊಡು ಸಾಕು ಕಣವ್ವ, ನಂಬೋದು ನಮ್ಮ ಪಾಡು" ಎಂದು ಪಿಸುಗುಟ್ಟಿದರು. ಒಪ್ಪಿಕೊಂಡೆ.

ಮೂರು ಸಾಲು ಹಾಡಿಕೊಟ್ಟೆ. ನಾಲ್ಕನೆಯದು, "ಎಳೆ ಕಡಿದಾಗ ನೀ ಗಂಟು ಹಾಕಿದೆ, ನಾ ಕಂಡೆ." ನಾನು ಏನನ್ನೂ ಕಂಡಿರಲಿಲ್ಲ. ಕಂಡೆ ಎಂದು ಅಷ್ಟು ಜನರ ಮುಂದೆ ಹಾಡಿದರೆ ಸುಳ್ಳು. ಹಾಡದಿದ್ದರೆ ರೂತಮ್ಮನ ಕೃತಜ್ಞತೆ ಅರ್ಧಕ್ಕೇ ನಿಲ್ಲುತ್ತದೆ. ಬಾಯಿ ಮುಚ್ಚಿಕೊಂಡೆ. ಒಂದು ಸಾಲು ಹಾಡುವಷ್ಟು ಹೊತ್ತು ಕಳೆಯಿತು. ಆಮೇಲೆ ನಲವತ್ತು ಜನರೂ ಆ ಸಾಲನ್ನು ಒಂದಕ್ಷರ ತಪ್ಪದೆ ಹಾಡಿದರು.

ಟೀ ಕುಡಿಯುವಾಗ ಒಬ್ಬ ನೇಕಾರ ರೇಗಿಸಿದ: "ಮೂರು ಸಾಲು ಮೇಡಂ ಹಾಜರಿ ಕೂಗ್ದಂಗಿತ್ತು. ಕೊನೇದ್ರಲ್ಲಿ ನೋಡಿ ಗಂಟ್ಲು ಬಿಟ್ಟಿದ್ದು." ಉಳಿದವರೂ ನಕ್ಕು ಹೌದೆಂದರು. ರೂತಮ್ಮ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ನೀನು ಬಾಯೇ ತೆಗೀಲಿಲ್ಲ. ನಾನು ನಿನ್ ತುಟೀನೇ ನೋಡ್ತಿದ್ದೆ" ಎಂದರು.

ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಮೂರನೆಯ ಸಾಲಿನ ನಂತರ ನನ್ನ ದನಿಯೂ ಇಲ್ಲ, ಬೇರೆ ಯಾರದೂ ಇಲ್ಲ. ಹೊರಗಿನ ಮಗ್ಗದ ಸದ್ದು, ಅದರ ಹಿಂದೆಯೇ ಎಲ್ಲರ ಉತ್ತರ.

ಹಾಗೆಯೇ ಬಿಡಲು ನನ್ನಿಂದಾಗಲಿಲ್ಲ. ಮುಂದಿನ ಭಾನುವಾರ ನಾನೇ ಕೇಳಿಕೊಂಡು ಅದೇ ಹಾಡನ್ನು ಹಾಡಿಕೊಟ್ಟೆ. ಬೇಕೆಂದೇ ನಾಲ್ಕನೆಯ ಸಾಲಿಗೆ ಸುಮ್ಮನಾದೆ. ಈಗ ಆ ಸಾಲು ಎಲ್ಲರಿಗೂ ಬರುತ್ತಿತ್ತು. ಆದರೂ ಒಬ್ಬರೂ ಹಾಡಲಿಲ್ಲ. ಚಪ್ಪಾಳೆಯನ್ನಷ್ಟೇ ತಟ್ಟುತ್ತಾ, ನನ್ನ ಮುಖ ನೋಡುತ್ತಾ ಕಾದರು. ನಾನೂ ಬಾಯಿ ತೆರೆಯಲಿಲ್ಲ. ಕಡೆಗೆ ರೂತಮ್ಮನೇ ಎದ್ದು ನಿಂತು, ಆ ಒಡೆದ ಗಂಟಲಿನಲ್ಲಿ ಅದನ್ನು ಹೇಳಿಕೊಟ್ಟರು. ಎಲ್ಲರೂ ಉತ್ತರಿಸಿದರು.

ಹಿಂದಿನ ವಾರ ಅದನ್ನು ಹೇಳಿಕೊಟ್ಟವರು ಯಾರೆಂದು ನನಗೆ ಇಂದಿಗೂ ತಿಳಿಯದು.