ಸೊಸೆಯ ಹೆಸರಿನಲ್ಲಿ ನಾನು ಹೂಡಿದ ವಾದ

ನನಗೆ ಅಕ್ಷರವನ್ನು ಕೊಟ್ಟ ಗುರುಗಳಿಗೆ, ಆ ಅಕ್ಷರವನ್ನು ಎಲ್ಲಿ ಬಳಸಬಾರದೆಂಬುದನ್ನು ತಡವಾಗಿಯಾದರೂ ಕಲಿಸಿದ ನನ್ನ ಮನೆಯವರಿಗೆ, ಇವರೆಲ್ಲರನ್ನೂ ನನ್ನ ಪಾಲಿಗೆ ಒದಗಿಸಿದ ಪರಮಾತ್ಮನಿಗೆ ಮೊದಲು ನಮಸ್ಕರಿಸುತ್ತೇನೆ. ಎಂಬತ್ತನ್ನು ದಾಟಿದ ಮೇಲೂ ಕಣ್ಣು ಓದುತ್ತಿದೆ, ಕೈ ಬರೆಯುತ್ತಿದೆ. ಈ ಕೃಪೆಗೆ ನಾನು ಅರ್ಹನೆಂದು ಹೇಳಲಾರೆ. ಈಗ ಬರೆಯಹೊರಟಿರುವ ಸಂಗತಿಯನ್ನು ಓದಿದವರು ಅದನ್ನು ತಾವೇ ಬಲ್ಲರು.

ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷಗಳಾಗಿದ್ದ ಕಾಲ. ನಾವು ಬನಶಂಕರಿ ಎರಡನೆಯ ಹಂತದಲ್ಲಿದ್ದೆವು. ಸಂಸ್ಕೃತ ಪಾಠಶಾಲೆಯಲ್ಲಿ ನ್ಯಾಯವನ್ನೂ ವೇದಾಂತವನ್ನೂ ಹೇಳಿಕೊಟ್ಟು ನಾನು ನಿವೃತ್ತನಾಗಿ ಹತ್ತು ವರ್ಷವಾಗಿತ್ತು. ಪತ್ನಿ ತೀರಿಕೊಂಡಿದ್ದಳು. ಮಗನಿಗೆ ಬ್ಯಾಂಕಿನಲ್ಲಿ ಕೆಲಸ; ಹಾಸನಕ್ಕೆ ವರ್ಗವಾಗಿದ್ದರಿಂದ ಶನಿವಾರ ರಾತ್ರಿ ಬಂದು ಸೋಮವಾರ ಬೆಳಗ್ಗೆ ಹೊರಟುಬಿಡುತ್ತಿದ್ದ. ಮನೆಯ ಭಾರವೆಲ್ಲ ಸೊಸೆಯದು. ಏಳು ವರ್ಷದ ಮತ್ತು ಮೂರು ವರ್ಷದ ಇಬ್ಬರು ಹೆಣ್ಣುಮಕ್ಕಳು, ಜೆ.ಪಿ. ನಗರದ ಒಂದು ಶಾಲೆಯಲ್ಲಿ ಶಿಶುವರ್ಗದ ಸಹಾಯಕ ಶಿಕ್ಷಕಿಯ ಕೆಲಸ, ಜೊತೆಗೆ ನಾನು.

ಬಿ.ಎ. ಎರಡನೆಯ ವರ್ಷ ಮುಗಿದಾಗ ಅವಳಿಗೆ ಮದುವೆಯಾಯಿತು. ಓದು ಅಲ್ಲಿಗೇ ನಿಂತಿತು. ಮದುವೆಯ ಮಾತುಕತೆಯ ದಿನ ನಾನು ಅವಳ ತಂದೆಗೆ, ನಮ್ಮ ಮನೆಯಲ್ಲಿ ವಿದ್ಯೆಗೆ ಅಡ್ಡಿಯಿಲ್ಲ ಎಂದು ಹೇಳಿದ್ದೆ. ಅಡ್ಡಿಯೇನೋ ಮಾಡಲಿಲ್ಲ, ಆದರೆ ಮುಂದೆ ಓದು ಎಂದೂ ಹೇಳಲಿಲ್ಲ. ಒಂಬತ್ತು ವರ್ಷಗಳ ಮೇಲೆ ಅವಳು ದೂರಶಿಕ್ಷಣ ವಿಶ್ವವಿದ್ಯಾಲಯವೊಂದರಲ್ಲಿ ಮತ್ತೆ ಹೆಸರು ಬರೆಸಿದಳು. ಆ ವರ್ಷದ ಕೊನೆಗೆ ಎಂಟು ಕ್ರೆಡಿಟ್ ಮಾತ್ರ ಬಾಕಿಯಿತ್ತು. ಅಂದರೆ ಎರಡು ಕೋರ್ಸು. ಅವೆರಡನ್ನೂ ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಮುಗಿಸಬಹುದೆಂದು ವಿಶ್ವವಿದ್ಯಾಲಯದವರು ಹೊಸದಾಗಿ ಅವಕಾಶ ಕೊಟ್ಟಿದ್ದರು. ಶಾಲೆಯವರು ಸ್ಪಷ್ಟವಾಗಿ ಹೇಳಿದ್ದರು: ಜೂನ್ ಒಳಗೆ ಡಿಗ್ರಿ ಕೈಗೆ ಬಂದರೆ ಖಾಯಂ ಶಿಕ್ಷಕಿ, ಇಲ್ಲವಾದರೆ ಆ ಜಾಗಕ್ಕೆ ಬೇರೆಯವರು.

ಕೋರ್ಸು ಆರಿಸುವುದಕ್ಕೆ ಅವಳು ಪಟ್ಟ ಶ್ರಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳ ಲೆಕ್ಕದ ನೋಟ್‌ಬುಕ್ಕಿನ ಉದ್ದ ಹಾಳೆಯೊಂದನ್ನು ಹರಿದು, ಹದಿನಾರು ಕೋರ್ಸುಗಳ ಹೆಸರನ್ನು ಪೆನ್ಸಿಲಿನಲ್ಲಿ ಬರೆದು, ಎದುರಿಗೆ ಗೆರೆ ಎಳೆದಿದ್ದಳು. ಯಾವುದಕ್ಕೆ ನಿಗದಿತ ಗಂಟೆಗೆ ಪರದೆಯ ಮುಂದೆ ಕೂಡಲೇಬೇಕು, ಯಾವುದರ ಪಾಠವನ್ನು ಬಿಡುವಾದಾಗ ಓದಬಹುದು. ಯಾವುದರ ಪರೀಕ್ಷೆ ಭಾನುವಾರ ಬರುತ್ತದೆ. ಚಿಕ್ಕವಳಿಗೆ ಜ್ವರ ಬಂದು ಒಂದು ವಾರ ತಪ್ಪಿದರೆ ಯಾವುದರಲ್ಲಿ ಸರಿದೂಗಿಸಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಕ್ರೆಡಿಟ್ಟು ತನ್ನ ಡಿಗ್ರಿಗೆ ಸೇರುತ್ತದೆಯೇ ಎಂಬುದನ್ನು ಬಾಯಿಮಾತಿಗೆ ಬಿಡದೆ, ಅರ್ಧ ದಿನ ರಜೆ ಹಾಕಿ ಜಯನಗರದ ಅಧ್ಯಯನ ಕೇಂದ್ರಕ್ಕೆ ಹೋಗಿ ಬರೆಸಿಕೊಂಡು ಬಂದಿದ್ದಳು. ಹೀಗೆ ಸೋಸಿದ ಮೇಲೆ ಎರಡು ಉಳಿದಿದ್ದವು: ಇಂಗ್ಲಿಷ್ ಬರವಣಿಗೆ, ಮಕ್ಕಳ ಮನೋವಿಕಾಸ. ಉಳಿದ ಹದಿನಾಲ್ಕರ ಮೇಲೆ ಅಡ್ಡಗೆರೆ.

ಓದಿನ ವಿಷಯವನ್ನು ಹಿರಿಯರ ಮುಂದಿಟ್ಟು ಮುಂದುವರಿಯುವುದು ನಮ್ಮ ಮನೆಯ ಪದ್ಧತಿ. ಒಂದು ಸಂಜೆ, ದೇವರಿಗೆ ದೀಪ ಹಚ್ಚಿ ಬಂದು, ಅವಳು ಆ ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ಅವಳು ಬಯಸಿದ್ದು ಆಶೀರ್ವಾದವನ್ನೇ ಹೊರತು ಸಲಹೆಯನ್ನಲ್ಲ. ಅಷ್ಟು ತಿಳಿಯದವನೇನೂ ನಾನಲ್ಲ. ಆದರೆ ನನ್ನ ಕಣ್ಣು ಅಡ್ಡಗೆರೆ ಬಿದ್ದಿದ್ದ ಸಾಲುಗಳಲ್ಲಿ ಒಂದರ ಮೇಲೆ ನಿಂತಿತು. ಭಾರತೀಯ ದರ್ಶನಗಳ ಪರಿಚಯ. ಇದನ್ನೇಕೆ ಬಿಟ್ಟೆ ಎಂದು ಕೇಳಿದೆ.

“ಅದರಲ್ಲಿ ವಾರವಾರ ಚರ್ಚೆ ಬರೀಬೇಕಂತೆ ಮಾವ. ಬೇರೆಯವರು ಬರೆದಿದ್ದನ್ನ ಓದಿ ಉತ್ತರಾನೂ ಕೊಡ್ಬೇಕು. ನಂಗೆ ಅಷ್ಟು ಹೊತ್ತು ಎಲ್ಲಿ ಸಿಗತ್ತೆ?”

“ಮನೇಲಿ ನಾನಿಲ್ವೇನಮ್ಮ?” ಎಂದೆ. “ನಲವತ್ತು ವರ್ಷ ಊರಿನವರ ಮಕ್ಕಳಿಗೆಲ್ಲ ಇದನ್ನೇ ಹೇಳಿಕೊಟ್ಟಿದ್ದೀನಿ.”

ಅವಳು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆಮೇಲೆ ರಬ್ಬರು ತಂದು ಆ ಅಡ್ಡಗೆರೆಯನ್ನು ಅಳಿಸಿ, ಮಕ್ಕಳ ಮನೋವಿಕಾಸದ ಮೇಲೆ ಗೆರೆ ಎಳೆದಳು. ಅದನ್ನು ನಾನು ಒಪ್ಪಿಗೆಯೆಂದು ಬಗೆದೆ. ನಿಜವಾಗಿ ನನಗೆ ಬೇಕಾಗಿದ್ದದ್ದು ಬೇರೆ. ಹತ್ತು ವರ್ಷಗಳಿಂದ ನನ್ನ ಶಾಸ್ತ್ರದಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ಯಾರೂ ಕೇಳಿರಲಿಲ್ಲ.

ಕೋರ್ಸು ಪ್ರಾರಂಭವಾಯಿತು. ಅವಳು ನಾಲ್ಕೂವರೆಗೆ ಎದ್ದು, ನಲ್ಲಿಯಲ್ಲಿ ನೀರು ಬರುವ ದಿನವಾದರೆ ಮೊದಲು ಡ್ರಮ್ಮು ತುಂಬಿಸಿ, ಐದರಿಂದ ಆರರವರೆಗೆ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದಳು. ಕರೆಂಟು ಹೋದರೆ ಆ ದಿನದ ಓದು ಹೋದ ಹಾಗೆ. ಅದಕ್ಕಾಗಿ ಮಧ್ಯಾಹ್ನ ಪಾಠಗಳನ್ನು ಕಾಗದದ ಮೇಲೆ ಮುದ್ರಿಸಿಡುವ ಕೆಲಸವನ್ನು ನಾನು ವಹಿಸಿಕೊಂಡೆ. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಶಾಲೆಯಿಂದ ಬಂದು, ಕುಕ್ಕರ್ ಕೂಗುವಷ್ಟರಲ್ಲಿ ಆ ಹಾಳೆಗಳನ್ನು ನಿಂತುಕೊಂಡೇ ಓದುತ್ತಿದ್ದಳು. ಅಲ್ಲಲ್ಲಿ ಸಂದೇಹ ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಮೂರನೆಯ ವಾರ ಪಾಠವನ್ನು ಹುಡುಕುತ್ತ ಚರ್ಚೆಯ ಪುಟಕ್ಕೆ ಹೋದೆ. ವಿದ್ಯಾರ್ಥಿಯೊಬ್ಬರು, ಬಿ.ಟಿ.ಎಂ. ಲೇಔಟಿನಲ್ಲಿ ಆಫೀಸು ಕೆಲಸದಲ್ಲಿರುವವರೆಂದು ತಮ್ಮನ್ನು ಪರಿಚಯಿಸಿಕೊಂಡಿದ್ದವರು, ಕರ್ಮವೆಂದರೆ ಹಣೆಬರಹ, ಅದನ್ನು ನಂಬಿದ್ದರಿಂದಲೇ ನಮ್ಮ ಜನ ಕೈಕಟ್ಟಿ ಕೂತರು ಎಂದು ನಾಲ್ಕು ಸಾಲು ಬರೆದಿದ್ದರು. ಅದರ ಕೆಳಗೆ ನನ್ನ ಸೊಸೆ ಬೆಳಗ್ಗೆ ಬರೆದಿದ್ದ ಎರಡೇ ಸಾಲು: ನಾನು ಹಾಗೆ ತಿಳಿದಿಲ್ಲ, ನನ್ನ ಅಜ್ಜಿ ಕರ್ಮವನ್ನು ನಂಬಿದ್ದರು, ಆದರೆ ದಿನವೆಲ್ಲ ದುಡಿಯುತ್ತಿದ್ದರು.

ಈಗ ಓದಿದರೆ ಆ ಎರಡು ಸಾಲಿಗಿಂತ ಉತ್ತಮ ಉತ್ತರ ನನಗೆ ಹೊಳೆಯುವುದಿಲ್ಲ. ಅಂದು ಅದು ತೀರ ಬಡವಾಗಿ ಕಂಡಿತು. ನಮ್ಮ ವಿದ್ವತ್ಸಭೆಗಳಲ್ಲಿ ವಾಕ್ಯಾರ್ಥವೆಂಬ ಪದ್ಧತಿಯಿದೆ. ಎದುರಾಳಿಯ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಮೊದಲು ನಿರೂಪಿಸಿ, ಆಮೇಲೆ ಒಂದೊಂದೇ ಯುಕ್ತಿಯಿಂದ ಕೆಡವಿ, ಕೊನೆಗೆ ಸಿದ್ಧಾಂತವನ್ನು ಸ್ಥಾಪಿಸಬೇಕು. ಯೌವನದಲ್ಲಿ ಅದರಲ್ಲಿ ನನಗೆ ಹೆಸರಿತ್ತು. ಎರಡು ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ, ಹಳೆಯ ಕಾಲದ ನನ್ನ ಇಂಗ್ಲಿಷಿನಲ್ಲಿ, ಒಂದೂವರೆ ಪುಟದ ಖಂಡನೆಯನ್ನು ಬರೆದೆ. ಅದು ಸೊಸೆಯ ಹೆಸರಿನಲ್ಲಿ ಪ್ರಕಟವಾಯಿತು. ಅವಳಿಗೆ ಉಪಕಾರ ಮಾಡಿದೆನೆಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಬೆಳಗ್ಗೆ ಅವಳು ಅದನ್ನು ಕಂಡಳು. ಕಾಫಿಯ ಲೋಟವನ್ನು ನನ್ನ ಮುಂದಿಟ್ಟು, ನೆಲವನ್ನು ನೋಡುತ್ತ, “ಚರ್ಚೇನ ನಾನೇ ಬರೀತೀನಿ ಮಾವ. ಅದಕ್ಕೂ ಮಾರ್ಕ್ಸ್ ಕೊಡ್ತಾರಂತೆ, ಬೇರೆಯವರು ಬರೀಬಾರ್ದಂತೆ” ಎಂದಳು. ಆಗಲಮ್ಮ, ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಸಂಧ್ಯಾವಂದನೆ ಮುಗಿಸಿ, ಇನ್ನೂ ಮಡಿಯಲ್ಲಿಯೇ ಇದ್ದಾಗ ಕೊಟ್ಟ ಮಾತು ಅದು.

ಎರಡು ದಿನ ತಡೆದೆ. ಮೂರನೆಯ ದಿನ, ಅವಳು ಶಾಲೆಗೆ ಹೋದ ಮೇಲೆ, ಎದುರಾಳಿ ಏನು ಉತ್ತರ ಕೊಟ್ಟಿರಬಹುದೆಂದು ನೋಡುವುದರಲ್ಲಿ ತಪ್ಪೇನೆಂದು ಪುಟವನ್ನು ತೆರೆದೆ. ಒಂದೇ ಸಾಲು ಇತ್ತು: “ಮೇಡಂ, ಇದನ್ನ ಯಾವ ಪುಸ್ತಕದಿಂದ ಇಳಿಸಿದ್ರಿ?” ಎಂಬರ್ಥದ ಇಂಗ್ಲಿಷ್ ಕುಚೋದ್ಯ. ಕೆಳಗೆ ನಾಲ್ಕೈದು ಮಂದಿ ನಕ್ಕಿದ್ದರು. ಅವಮಾನವಾದದ್ದು ಸೊಸೆಗೆ, ಉರಿದದ್ದು ನಾನು. ಆ ವಾರ ಆರು ಸಲ ಬರೆದೆ. ಅವರ ತರ್ಕದಲ್ಲಿದ್ದ ದೋಷಗಳನ್ನು ಹೆಸರು ಹಿಡಿದು ತೋರಿಸಿದೆ. ಕಡೆಗೆ ಆ ಮನುಷ್ಯ, ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ, ಕ್ಷಮಿಸಿ ಎಂದು ಬರೆದರು. ಅಂದು ಮಧ್ಯಾಹ್ನ ನನಗೆ ಊಟ ಬಹಳ ರುಚಿಯಾಗಿತ್ತು. ಚಿಕ್ಕವಳಿಗೆ ಆ ವಾರ ಕೆಮ್ಮು, ಸೊಸೆ ಕಂಪ್ಯೂಟರಿನತ್ತ ಸುಳಿಯುವುದೂ ಆಗಿರಲಿಲ್ಲ. ಆದ್ದರಿಂದ ಅವಳಿಗೆ ಏನೂ ತಿಳಿಯಲಿಲ್ಲ. ಅದೂ ನನಗೆ ಅನುಕೂಲವೆಂದೇ ತೋರಿತು.

ಮುಂದಿನ ವಾರ ಆ ಕೋರ್ಸಿನ ಅಧ್ಯಾಪಕಿಯಿಂದ ಅವಳಿಗೆ ಪತ್ರ ಬಂತು. ಚರ್ಚೆಯ ಬರವಣಿಗೆಯೂ ಅಸೈನ್‌ಮೆಂಟಿನ ಬರವಣಿಗೆಯೂ ಒಬ್ಬರದೆಂದು ತೋರುವುದಿಲ್ಲ, ಶನಿವಾರ ಕೇಂದ್ರಕ್ಕೆ ಬಂದು ವಿವರಣೆ ಕೊಡಬೇಕು. ವಿವರಣೆ ತೃಪ್ತಿಕರವಾಗಿಲ್ಲದಿದ್ದರೆ ನಕಲು ಎಂದು ದಾಖಲಾಗುತ್ತದೆ, ಹಾಗೆ ದಾಖಲಾದವರು ಎರಡು ವರ್ಷ ಹೆಸರು ಬರೆಸುವಂತಿಲ್ಲ. ಸೊಸೆ ಆ ಪುಟವನ್ನು ತೆರೆದು, ನಾನು ಬರೆದ ಆರನ್ನೂ ಮೊದಲಿಂದ ಕೊನೆಯವರೆಗೆ ಓದಿದಳು. ನಾನು ಹಿಂದೆ ನಿಂತಿದ್ದೆ. ಅವಳು ತಿರುಗಿ ನೋಡಲಿಲ್ಲ.

ಶನಿವಾರ ನಾನೂ ಜೊತೆಗೆ ಹೊರಟೆ. ಎಲ್ಲವನ್ನೂ ನಾನೇ ಹೇಳುತ್ತೇನೆಂದು ಆಟೋದಲ್ಲಿ ಮನಸ್ಸಿನಲ್ಲೇ ವಾಕ್ಯಗಳನ್ನು ಕಟ್ಟಿಕೊಂಡಿದ್ದೆ. ಅಧ್ಯಾಪಕಿ ನನ್ನ ಕೊನೆಯ ವಿದ್ಯಾರ್ಥಿಗಳ ವಯಸ್ಸಿನವರು. ನನ್ನ ಪಂಚೆ, ಶಲ್ಯ, ಹಣೆಯ ಗಂಧವನ್ನು ಕಂಡು ಎದ್ದು ನಿಂತು, ತಮ್ಮ ಕುರ್ಚಿಯನ್ನೇ ನನಗೆ ಕೊಟ್ಟರು. ನನ್ನ ಹೆಸರನ್ನು ಕೇಳಿದ್ದರಂತೆ. ಆ ಗೌರವ ನನ್ನ ಬಾಯಿಯನ್ನು ಕಟ್ಟಿತು.

“ಇದು ನೀವು ಬರ್ದಿದ್ದಾ ಮೇಡಂ?” ಎಂದು ಅವರು ಮುದ್ರಿಸಿದ ಹಾಳೆಗಳನ್ನು ಮುಂದಿಟ್ಟು ಕೇಳಿದರು.

ಸೊಸೆ, “ಪಾಸ್‌ವರ್ಡ್ ನಂದು ಮೇಡಂ, ಜವಾಬ್ದಾರೀನೂ ನಂದೇ” ಎಂದಳು. ಅದಕ್ಕಿಂತ ಹೆಚ್ಚಿಗೆ ಏನು ಕೇಳಿದರೂ ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ, ನನ್ನ ಹೆಸರನ್ನೂ ಹೇಳಲಿಲ್ಲ.

ಅಧ್ಯಾಪಕಿ ನೊಂದವರಂತೆ ನನ್ನ ಕಡೆ ತಿರುಗಿದರು. “ಸಾರ್, ನೀವು ದೊಡ್ಡೋರು. ಇಂಥ ಮನೇಲಿದ್ದುಕೊಂಡು ಹೀಗೆ ಮಾಡ್ಬಾರ್ದು ಅಂತ ನೀವಾದ್ರೂ ಅವರಿಗೆ ಸ್ವಲ್ಪ ಬುದ್ಧಿ ಹೇಳಿ.”

ನಾನು ತಲೆಯಾಡಿಸಿದೆ.

ಸಭೆಯಲ್ಲಿ ಉತ್ತರ ತೋಚದೆ ಸುಮ್ಮನಾದವನು ಸೋತನೆಂದು ನಾನು ನಲವತ್ತು ವರ್ಷ ಪಾಠ ಹೇಳಿದ್ದೇನೆ. ಉತ್ತರ ನಾಲಿಗೆಯ ತುದಿಯಲ್ಲಿದ್ದೂ ಸುಮ್ಮನಿದ್ದು, ಮೇಲಾಗಿ ನಿರಪರಾಧಿಗೆ ಬುದ್ಧಿ ಹೇಳುವುದಾಗಿ ಒಪ್ಪಿಕೊಂಡವನನ್ನು ಏನೆಂದು ಕರೆಯಬೇಕು?

ಹೊರಗೆ ಬಂದ ಮೇಲೆ ಅವಳು ಆಟೋ ಬೇಡವೆಂದಳು. ಜಯನಗರದ ಮರಗಳ ನೆರಳಿನಲ್ಲಿ ಬಸ್‌ಸ್ಟಾಪಿನವರೆಗೆ ನಡೆದೆವು. ಅವಳು ಬೈಯುತ್ತಾಳೆಂದು ಕಾದೆ; ಬೈದಿದ್ದರೆ ಹಗುರವಾಗುತ್ತಿತ್ತು.

“ಮೊದಲನೇ ದಿನಾನೇ ಆ ಕೋರ್ಸ್ ಬೇಡ ಅಂತ ನಾನು ಗಟ್ಟಿಯಾಗಿ ಹೇಳ್ಬೇಕಿತ್ತು ಮಾವ” ಎಂದಳು. “ನಿಮಗೆ ಬೇಜಾರಾಗತ್ತೆ ಅಂತ ಸುಮ್ನಾದೆ. ತಪ್ಪು ನಂದೂ ಇದೆ.” ಸ್ವಲ್ಪ ದೂರ ನಡೆದು, “ನಮ್ಮಜ್ಜಿ ವಿಷಯ ಬರ್ದಿದ್ನಲ್ಲ, ಅದು ಅಷ್ಟು ಕೆಟ್ಟದಾಗಿತ್ತಾ?” ಎಂದು ಕೇಳಿದಳು.

ನಾನು ಬಸ್ಸು ಬರುವ ದಿಕ್ಕನ್ನು ನೋಡಿದೆ. ಬಸ್ಸು ಬಂತು. ಅವಳಿಗೆ ಹೆಂಗಸರ ಸೀಟು ಸಿಕ್ಕಿತು, ನಾನು ಹಿಂದೆ ನಿಂತೆ.

ಆ ರಾತ್ರಿ ಬಂದ ಮಗನಿಗೂ ನಾನು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಭಾನುವಾರ ಪೂಜೆಗೆ ಕುಳಿತರೆ ಕೈಯಲ್ಲಿದ್ದ ಹೂವು ಕೈಯಲ್ಲೇ ಉಳಿಯಿತು. ಸೋಮವಾರ ಹತ್ತು ಗಂಟೆಗೆ ಒಬ್ಬನೇ ಕೇಂದ್ರಕ್ಕೆ ಹೋದೆ. ಅಧ್ಯಾಪಕಿ ಮತ್ತೆ ಕುರ್ಚಿ ಕೊಡಬಂದರು. ನಿಂತುಕೊಂಡೇ ಹೇಳಿದೆ. ಬರೆದವನು ನಾನು, ಬೇಡವೆಂದ ಮೇಲೂ ಬರೆದವನು ನಾನು, ಮೊನ್ನೆ ಈ ಕೋಣೆಯಲ್ಲಿ ಬಾಯಿ ಬಿಡದೆ ಕುಳಿತವನೂ ನಾನು. ಹಾಳೆ ಕೇಳಿ, ಅದನ್ನೇ ಬರೆದು ರುಜು ಹಾಕಿದೆ. ಆ ತಾಯಿ ಬಹಳ ಹೊತ್ತು ಅದನ್ನು ಓದಿದರು. ಕೊನೆಗೆ, “ಇದನ್ನ ಶನಿವಾರ ಹೇಳಿದ್ರೆ ಚೆನ್ನಾಗಿತ್ತು ಸಾರ್” ಎಂದರು. ದನಿಯಲ್ಲಿ ಗೌರವವೇನೋ ಇತ್ತು, ಆದರೆ ಅದು ಮೊದಲಿನದಾಗಿರಲಿಲ್ಲ.

ನಕಲು ಎಂಬ ದಾಖಲೆ ಆಗಲಿಲ್ಲ. ಆದರೆ ಪಾಸ್‌ವರ್ಡನ್ನು ಬೇರೊಬ್ಬರಿಗೆ ಕೊಟ್ಟದ್ದು ನಿಯಮಕ್ಕೆ ವಿರುದ್ಧವೇ ಆದ್ದರಿಂದ ಆ ಕೋರ್ಸು ರದ್ದಾಯಿತು. ನಾಲ್ಕು ಕ್ರೆಡಿಟ್ ಹೋಯಿತು. ಜೂನ್ ಬಂತು, ಶಾಲೆಯ ಆ ಜಾಗಕ್ಕೆ ಬೇರೆಯವರು ಬಂದರು. ಸೊಸೆ ಅವರ ಕೈಕೆಳಗೆ ಸಹಾಯಕಿಯಾಗಿಯೇ ಉಳಿದಳು. ನನ್ನ ತಪ್ಪೊಪ್ಪಿಗೆಯ ವಿಷಯವನ್ನು ಅವಳಿಗೆ ತಿಳಿಸಿದ್ದು ಅಧ್ಯಾಪಕಿ, ನಾನಲ್ಲ. ಅಂದು ಊಟಕ್ಕೆ ಬಡಿಸುವಾಗ, “ಒಬ್ಬರೇ ಹೋಗಿದ್ರಾ? ಬಿಸಿಲಿತ್ತಲ್ಲ” ಎಂದಷ್ಟೇ ಕೇಳಿದಳು.

ಮುಂದಿನ ಅವಧಿಗೆ ಮಕ್ಕಳ ಮನೋವಿಕಾಸಕ್ಕೆ ಹೆಸರು ಬರೆಸಿದಳು. ಈ ಸಲ ನನ್ನನ್ನು ಕೇಳಲಿಲ್ಲ. ಬರೆಸಿದ ಮೇಲೆ ತಿಳಿಸಿದಳು. ಅದು ನ್ಯಾಯವಾಗಿತ್ತು, ಆದರೂ ನನಗೆ ನೋವಾಯಿತು. ಆ ನಾಲ್ಕು ತಿಂಗಳು ನನ್ನ ಪಾಲಿಗೆ ಬಂದ ಕೆಲಸ ಚಿಕ್ಕವಳಿಗೆ ಹಾಲು ಕುಡಿಸಿ ಸ್ಲೇಟು ಹಿಡಿಸುವುದು, ಹುರುಳಿಕಾಯಿ ಸೋಸುವುದು. ಪಾಠವನ್ನು ಅವಳೇ ಶಾಲೆಯ ಹತ್ತಿರದ ಸೈಬರ್ ಸೆಂಟರಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದಳು. ಒಂದು ವರ್ಷ ತಡವಾಗಿ ಡಿಗ್ರಿ ಬಂತು, ಪುಟ್ಟೇನಹಳ್ಳಿಯ ಬೇರೊಂದು ಶಾಲೆಯಲ್ಲಿ ಖಾಯಂ ಕೆಲಸವೂ ಸಿಕ್ಕಿತು. ಅಜ್ಜಿಯ ಬಗ್ಗೆ ಅವಳು ಬರೆದಿದ್ದ ಆ ಎರಡು ಸಾಲು ಕೆಟ್ಟದ್ದಾಗಿರಲಿಲ್ಲವೆಂದು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಇನ್ನೂ ಎರಡು ವರ್ಷ ಬೇಕಾಯಿತು. ಅವಳು ನಕ್ಕು, “ನಾನದನ್ನ ಮರ್ತೇಬಿಟ್ಟಿದ್ದೆ ಮಾವ” ಎಂದಳು. ಮರೆತಿರಲಿಲ್ಲವೆಂದು ನನಗೆ ಗೊತ್ತು.

ನೇಮವನ್ನು ಬಿಟ್ಟುಕೊಡದೆ, ಒಬ್ಬ ಮುದುಕನ ಮಾನವನ್ನೂ ಬೀದಿಗೆ ತಾರದೆ ನಡೆದುಕೊಂಡ ಆ ಅಧ್ಯಾಪಕಿಗೆ ಶ್ರೇಯಸ್ಸಾಗಲಿ. ತಾನು ವಾದಿಸಿದ್ದು ಯಾರ ಜೊತೆಯೆಂದು ಇಂದಿಗೂ ತಿಳಿಯದ, ಕ್ಷಮೆ ಕೇಳಬೇಕಾದ ಅಗತ್ಯವೇ ಇಲ್ಲದಿದ್ದರೂ ಕೇಳಿದ ಆ ಬಿ.ಟಿ.ಎಂ. ಲೇಔಟಿನ ಗೃಹಸ್ಥರು ಎಲ್ಲಿದ್ದರೂ ನೆಮ್ಮದಿಯಾಗಿರಲಿ. ತಾಯಿಯ ಓದಿಗಾಗಿ ಆಟವನ್ನು ಬಿಟ್ಟು ಸುಮ್ಮನೆ ಕುಳಿತ ಆ ಇಬ್ಬರು ಮಕ್ಕಳಿಗೆ ದೀರ್ಘಾಯುಸ್ಸು ಲಭಿಸಲಿ. ನನ್ನ ಸೊಸೆಗೆ, ಅವಳ ವಿದ್ಯೆಗೆ, ಅವಳು ಕೈಹಿಡಿದು ಅಕ್ಷರ ತಿದ್ದಿಸುವ ಮಕ್ಕಳಿಗೆಲ್ಲ ಭಗವಂತ ಸರ್ವಮಂಗಳವನ್ನೂ ಕರುಣಿಸಲಿ.