ಸತ್ತ ಕುರಿಯ ಕಿವಿ

ನಾನು ಓದಿದ್ದು ಮೂರನೇ ಕ್ಲಾಸು. ಅಲ್ಲಿ ಕಲಿತ ಅಕ್ಷರದಲ್ಲೇ ಇದನ್ನು ಬರೆಯುತ್ತಿದ್ದೇನೆ. ಒಂದು ಬ್ಯಾಂಕಿನ ಮೇಲೆ ನಾನು ಸೇಡು ತೀರಿಸಿಕೊಂಡ ಕತೆ ಇದು. ವಯಸ್ಸಾದವರು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳಬೇಕು ಅನ್ನುವವರು ಇದನ್ನು ಓದದಿದ್ದರೂ ನನಗೇನೂ ನಷ್ಟವಿಲ್ಲ.

ನಮ್ಮೂರು ಚಳ್ಳಕೆರೆಯಿಂದ ನನ್ನಿವಾಳದ ಕಡೆಗೆ ಹೋಗುವಾಗ ಸಿಗುತ್ತದೆ. ಗಂಡ ಸತ್ತ ಮೇಲೆ ಮಿಕ್ಕ ಕುರಿಗಳನ್ನು ಕಾಯಲು ನನ್ನ ಮೊಣಕಾಲು ಒಪ್ಪಲಿಲ್ಲ. ಅದಕ್ಕೆ ಪಾಲಿಗೆ ಕೊಟ್ಟೆ. ಪಾಲು ಅಂದರೆ ಕುರಿ ನಮ್ಮದು, ಮೇಯಿಸುವವನು ಇನ್ನೊಬ್ಬ, ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ. ಕುರಿ ಸತ್ತರೆ ಅವನು ಅದರ ಕಿವಿ ಕೊಯ್ದು ತಂದು ತೋರಿಸಬೇಕು. ಒಂದೊಂದು ಮನೆಯವರು ತಮ್ಮ ಕುರಿಯ ಕಿವಿಯನ್ನು ಒಂದೊಂದು ತರ ಕತ್ತರಿಸಿ ಗುರುತು ಮಾಡಿರುತ್ತಾರೆ. ಕಿವಿ ತಂದರೆ ಕುರಿ ಸತ್ತದ್ದು ನಿಜ. ತರದಿದ್ದರೆ ಅವನು ಮಾರಿಕೊಂಡ, ಇಲ್ಲವೇ ತಿಂದ. ಆಗ ಬೆಲೆ ಕಟ್ಟಿಕೊಡಬೇಕು. ತೋಳ ಹೊತ್ತುಕೊಂಡು ಹೋಯಿತು ಅಂದರೂ ನಮ್ಮಲ್ಲಿ ನಡೆಯುವುದಿಲ್ಲ.

ಮರಿ ಮಾರಿದ ದುಡ್ಡನ್ನು ಚಳ್ಳಕೆರೆಯ ಬ್ಯಾಂಕಿಗೆ ಹಾಕುತ್ತಿದ್ದೆ. ಆ ದುಡ್ಡು ಒಂದು ಸೀರೆಗೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ, ನನ್ನ ಸ್ವಂತದ್ದು. ನನ್ನ ಮಗನ ಮದುವೆಯಲ್ಲಿ ನಾನು ಉಟ್ಟದ್ದು ಓರಗಿತ್ತಿಯಿಂದ ಕೇಳಿ ತಂದ ಸೀರೆ. ಊಟದ ಪಂಕ್ತಿಯಲ್ಲಿ ಬೀಗರೆಲ್ಲ ಎಲೆ ಮುಂದೆ ಕೂತಿದ್ದಾಗ ಅವಳು ಬಂದು ನನ್ನ ಹಿಂದೆ ನಿಂತು, "ಸಾಂಬಾರು ಚೆಲ್ಕೊಂಡೀಯೆ, ನೋಡ್ಕೊಂಡು ಉಣ್ಣು" ಅಂದಳು. ಅವತ್ತು ನಾನು ಬರೀ ಅನ್ನ ಮೊಸರು ತಿಂದು ಎದ್ದೆ. ಮೊಮ್ಮಗಳ ಮದುವೆಗೆ ನನ್ನದೇ ರೇಷ್ಮೆ ಉಡುತ್ತೇನೆ ಎಂದು ಅವತ್ತೇ ಅಂದುಕೊಂಡೆ. ಮೊಮ್ಮಗಳು ಆಗಿನ್ನೂ ಹುಟ್ಟಿರಲಿಲ್ಲ.

ಈಗ ಅವಳ ಮದುವೆ ಗೊತ್ತಾಯಿತು. ಮೊಳಕಾಲ್ಮೂರಿನಲ್ಲಿ ಒಬ್ಬ ನೇಕಾರನಿಗೆ ಮುಂಗಡ ಕೊಟ್ಟು ಹೇಳಿ ಬಂದೆ. ನೇರಳೆ ಬಣ್ಣದ ಮೈ, ಹಸಿರು ಅಂಚು. ಬೇಸಿಗೆಯಲ್ಲಿ ಸೀರೆ ಮಗ್ಗದಿಂದ ಇಳಿದಿದೆ ಅಂತ ಫೋನು ಬಂದಾಗ ಸೊಸೆಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ನೇಕಾರ ಮಡಿಕೆ ಬಿಚ್ಚಿ ನನ್ನ ತೊಡೆಯ ಮೇಲೆ ಹಾಸಿದ. ಕೈಯಾಡಿಸಿದೆ. ಸೊಸೆ ಕಾರ್ಡು ಹಿಡಿದು ಎಟಿಎಮ್ಮಿಗೆ ಹೋದವಳು ಮುಖ ಸಣ್ಣ ಮಾಡಿಕೊಂಡು ಬಂದಳು.

"ಅತ್ತೆ, ದುಡ್ಡು ಸಾಲ್ತಿಲ್ಲ."

"ಸರಿಯಾಗಿ ಒತ್ತಿದ್ಯಾ?"

"ಮೂರು ಸಲ ಒತ್ತಿದೀನಿ. ಎರಡು ಸಾವಿರದ ಮೇಲೆ ಕಮ್ಮಿ ಐತೆ."

ತೆಲುಗು ಬೆರೆಸಿ ಮಾತಾಡುವ ಆ ನೇಕಾರ ಒಳ್ಳೆಯವನು. ಆದರೂ ಸೀರೆಯನ್ನು ನನ್ನ ತೊಡೆಯಿಂದ ಎತ್ತಿ ಮಡಚಿದ. "ಪರ್ವಾಲೇದಮ್ಮ, ಡಬ್ಬು ತಗೊಂಡು ನಿಧಾನಕ್ಕೆ ಬರ್ರಿ. ದೀಪಾವಳಿ ತನಕ ಇಟ್ಕೊಂಡಿರ್ತೀನಿ. ಆಮ್ಯಾಲೆ ಮದುವೆ ಸೀಸನ್ನು, ಯಾರಾನ ಕೇಳಿದ್ರೆ ಕೊಟ್ಬಿಡ್ತೀನಿ" ಅಂದ.

ಬರಿಗೈಯಲ್ಲಿ ಊರಿಗೆ ಬಂದರೆ ಓರಗಿತ್ತಿ ಎದುರು ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದಳು.

"ಏನೇ, ಸೀರೆ ಎಲ್ಲೈತೆ?"

"ಮಗ್ಗದ ಮ್ಯಾಲೈತೆ."

"ಇಳೀತು ಅಂತ ಫೋನ್ ಬಂದಿತ್ತಂತೆ?"

ನಾನು ಬಾಗಿಲು ಹಾಕಿಕೊಂಡೆ. ಮಗ, "ಅಷ್ಟಕ್ಕೇನವ್ವ, ನಾನು ಕೊಡ್ತೀನಿ" ಅಂದ. ಬೇಡ ಅಂದೆ. ಒಂದು ಮರಿ ಮಾರಿದ್ದರೂ ಆಗುತ್ತಿತ್ತು. ಅದೂ ಬೇಡ ಅನ್ನಿಸಿತು. ತಿಂದವರ ಬಾಯಿಂದಲೇ ಕಕ್ಕಿಸಿ ಆ ಸೀರೆ ತರಬೇಕು. ಇಲ್ಲದಿದ್ದರೆ ಹತ್ತಿ ಸೀರೆಯಲ್ಲೇ ಮದುವೆಗೆ ಹೋಗುತ್ತೇನೆ ಅಂದೆ. ನನ್ನ ಹಟ ಅವನಿಗೆ ಗೊತ್ತು.

ಮಾರನೆಯ ದಿನ ಬ್ಯಾಂಕಿಗೆ ಹೋದೆ. ಮ್ಯಾನೇಜರು ನನ್ನ ಮಗನಿಗಿಂತ ಚಿಕ್ಕವನು. ಕಂಪ್ಯೂಟರು ನೋಡಿ ಒಂದೊಂದೇ ಹೇಳಿದ. ಖಾತೆಯಲ್ಲಿ ಇಷ್ಟು ಇರಲೇಬೇಕು, ಇಲ್ಲದಿದ್ದರೆ ದಂಡ. ಕಾರ್ಡಿಗೆ ವರ್ಷಕ್ಕೊಮ್ಮೆ. ಅದರ ಮೇಲೆ ತೆರಿಗೆ. ಈ ವರ್ಷ ಎಲ್ಲವೂ ಜಾಸ್ತಿಯಾಗಿದೆ. ಮೆಸೇಜು ಕಳಿಸಿದ್ದಕ್ಕೂ ದುಡ್ಡು ಹಿಡಿದಿದ್ದಾರೆ.

"ಯಾವ ಮೆಸೇಜು? ನಂಗೆ ಒಂದೂ ಬಂದಿಲ್ಲ."

ಅವನು ಓದಿದ ನಂಬರು ನನ್ನ ಮಗನ ಹಳೆಯ ಫೋನಿನದು. ಆ ಫೋನು ಎಂದೋ ತೋಟದ ಬಾವಿಗೆ ಬಿದ್ದಿದೆ.

"ಹಂಗಾರೆ ಇಷ್ಟು ದಿನ ನಮ್ಮ ಬಾವಿಗೆ ಹೇಳ್ತಿದ್ರೇನಪ್ಪಾ ನನ್ನ ಲೆಕ್ಕಾನ?"

ಪಕ್ಕದವರು ನಕ್ಕರು. ಅವನು ನಗಲಿಲ್ಲ. "ಅಜ್ಜಿ, ನಾವು ಕೈಯಾರೆ ಕಟ್ ಮಾಡಲ್ಲ. ಅದು ತಾನಾಗೇ ಕಟ್ ಆಗುತ್ತೆ" ಅಂದ.

"ತೋಳ ತಾನಾಗೇ ತಿಂತು ಅಂದ್ರೆ ನಾವು ಕೇಳಲ್ಲ. ಕಿವಿ ತೋರ್ಸು."

"ಏನು?"

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಗೋಜಿಗೂ ನಾನು ಹೋಗಲಿಲ್ಲ. ದುಡ್ಡು ವಾಪಸು ಬರುವುದಿಲ್ಲ ಅಂದ. ಮಿಕ್ಕದ್ದನ್ನು ಬಿಡಿಸಿಕೊಂಡು ರಸ್ತೆ ದಾಟಿ ಎದುರಿನ ಬ್ಯಾಂಕಿಗೆ ಹೋದೆ. ಅಲ್ಲಿ ಕೂತಿದ್ದ ಹುಡುಗಿಗೆ, "ಏನೇನು ಕೀಳ್ತೀರಿ, ಮೊದ್ಲೇ ಹೇಳವ್ವ" ಅಂದೆ. "ಕಾರ್ಡ್ ಬೇಡ ಅಂದ್ರೆ ಏನೂ ಇಲ್ಲ ಅಜ್ಜಿ" ಅಂದಳು. ಕಾರ್ಡು ಬೇಡ ಅಂದೆ.

ಇಲ್ಲಿ ನಾನು ಒಂದು ಪೆದ್ದು ಕೆಲಸ ಮಾಡಿದ್ದೆ. ನಮ್ಮಲ್ಲಿ ಒಬ್ಬನ ಪಾಲಿನಿಂದ ಕುರಿ ಬಿಡಿಸಿಕೊಂಡು ಬರುವಾಗ ಎಲ್ಲವನ್ನೂ ಹೊಡೆದುಕೊಂಡು ಬರುವುದಿಲ್ಲ. ಜಗಳವಾಗಿದ್ದರೂ ಒಂದು ಮರಿಯನ್ನು ಅವನ ಹಟ್ಟಿಯಲ್ಲಿ ಬಿಟ್ಟು ಬರುತ್ತೇವೆ, ಅವನ ಹೊಟ್ಟೆ ಉರಿ ನಮ್ಮ ಮಂದೆಯ ಹಿಂದೆ ಬರದಿರಲಿ ಅಂತ. ಆ ಲೆಕ್ಕದಲ್ಲಿ ನಾನು ಹಳೆಯ ಖಾತೆಯಲ್ಲಿ ನೂರು ರೂಪಾಯಿ ಬಿಟ್ಟು ಬಂದಿದ್ದೆ. ಖಾತೆ ಮುಚ್ಚಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಬ್ಯಾಂಕಿನಿಂದ ಫೋನು, ಅವತ್ತು ನಾನು ಬರೆಸಿ ಬಂದಿದ್ದ ಹೊಸ ನಂಬರಿಗೆ. ನೂರು ರೂಪಾಯಿ ದಂಡಕ್ಕೆ ಹೋಯಿತಂತೆ, ದಂಡ ಇನ್ನೂ ಬಾಕಿ ಇದೆಯಂತೆ, ಬಂದು ಕಟ್ಟಬೇಕಂತೆ. ಬಿಟ್ಟು ಬಂದ ಮರಿಯನ್ನು ತಿಂದು, ಅದು ಮೇಯ್ದ ಹುಲ್ಲಿಗೆ ದುಡ್ಡು ಕೊಡು ಅಂದ ಹಾಗಾಯಿತು. ಅಲ್ಲಿಯ ತನಕ ನನಗೆ ಇದ್ದದ್ದು ಸಿಟ್ಟು. ಅವತ್ತಿನಿಂದ ಬೇರೆ.

ನಮ್ಮೂರಿನಲ್ಲಿ ಹೆಂಗಸರ ಸಂಘ ಇದೆ. ನಾನೇ ಅಧ್ಯಕ್ಷೆ, ಜೋರು ಬಾಯಿ ಅಂತ ಮಾಡಿದ್ದಾರೆ. ಸಂಘದ ಉಳಿತಾಯ ಇದ್ದದ್ದೂ ಅದೇ ಬ್ಯಾಂಕಿನಲ್ಲಿ. ಹಳೆಯ ಸಾಲ ತೀರಿಸಿ, ಹೈನು ಎಮ್ಮೆಗೆ ಅಂತ ಹೊಸದಾಗಿ ದೊಡ್ಡ ಸಾಲ ಕೇಳಿದ್ದೆವು. ವಾರದ ಸಭೆಯಲ್ಲಿ ನಾನು ಎದ್ದು ನಿಂತು, ಎಮ್ಮೆ ಸಾಲ ಆಚೆ ಬ್ಯಾಂಕಿನಲ್ಲಿ ತೆಗೆಯೋಣ, ಉಳಿತಾಯವನ್ನೂ ಕಿತ್ತುಕೊಂಡು ಹೋಗೋಣ ಅಂದೆ. ಒಬ್ಬೊಬ್ಬರೂ ತಮ್ಮ ತಮ್ಮ ಪಾಸ್‌ಬುಕ್ಕಿನ ಗೋಳು ಹೇಳಿಕೊಂಡರು. ಎಲ್ಲರೂ ಕೈ ಎತ್ತಿದರು. ಓರಗಿತ್ತಿ ಕೂಡ ಎತ್ತಿದಳು. ಅವಳ ದುಡ್ಡನ್ನೂ ತಿಂದಿದ್ದರು.

ಸುದ್ದಿ ಚಳ್ಳಕೆರೆಗೆ ನಮಗಿಂತ ಮುಂಚೆ ಮುಟ್ಟಿತು. ಮ್ಯಾನೇಜರು ತಾನೇ ಗಾಡಿ ಹಾಕಿಕೊಂಡು ಬಂದ. ಜಗಲಿಯ ಮೇಲೆ ಕೂರಿಸಿದೆ. ಬಿಸಿಲಿತ್ತು, ಮಜ್ಜಿಗೆ ಕೊಟ್ಟೆ. ಲೋಟ ಖಾಲಿಯಾದ ಮೇಲೆ, "ಇಪ್ಪತ್ತು ರೂಪಾಯಿ" ಅಂದೆ.

ಅವನು ತಮಾಷೆ ಅಂದುಕೊಂಡು ನಕ್ಕ.

"ಮಜ್ಜಿಗೆಗೆ ಹದಿನೈದು. ಜಗಲಿ ಮ್ಯಾಲೆ ಕೂತಿದ್ದಕ್ಕೆ ಐದು. ನಾನು ಕೀಳ್ತಿಲ್ಲಪ್ಪಾ, ಅದು ತಾನಾಗೇ ಕಟ್ ಆಗುತ್ತೆ."

ಎದುರು ಜಗಲಿಯಿಂದ ಓರಗಿತ್ತಿ ಕೂಗಿದಳು: "ಥೂ, ಮನೆಗೆ ಬಂದೋರತ್ರ ಮಜ್ಜಿಗೆಗೆ ದುಡ್ಡಿಸ್ಕೊಂತಾರೇನೇ? ನಿನ್ನ ಮಕ ಮುಚ್ಚ!"

ಅವನು ನೋಟು ತೆಗೆದುಕೊಟ್ಟ. ನಾನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ಅವನು ದನಿ ತಗ್ಗಿಸಿ, "ಅಜ್ಜಿ, ಸಂಘ ಎಲ್ಲೂ ಹೋಗೋದು ಬೇಡ. ನಿಮ್ಮ ಖಾತೇಲಿ ಹಿಡಿದಿದ್ದನ್ನ ವಾಪಸು ಹಾಕಿಸ್ತೀನಿ. ಮೇಲಿನೋರಿಗೆ ನಾನೇ ಬರೀತೀನಿ" ಅಂದ.

ಬೇಸಿಗೆಯಲ್ಲಿ ಬರುವುದಿಲ್ಲ ಅಂದಿದ್ದ ದುಡ್ಡು ಈಗ ಬರುತ್ತದೆ.

"ಮೊದ್ಲು ಕಿವಿ ತೋರ್ಸು, ಆಮ್ಯಾಲೆ ನೋಡಾನ" ಅಂದೆ. ಈ ಸಲ ಅವನು ಕಿವಿ ಅಂದರೆ ಏನು ಅಂತ ಕೇಳಲಿಲ್ಲ.

ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗ ದುಡ್ಡು ಬಂತು. ಬಾಕಿಯನ್ನೂ ಅಳಿಸಿದ್ದರು. ನಾನು ಅವತ್ತೇ ಎಲ್ಲವನ್ನೂ ಬಿಡಿಸಿಕೊಂಡೆ, ಈ ಸಲ ಒಂದು ಪೈಸೆಯನ್ನೂ ಬಿಡದೆ, ಖಾತೆ ಮುಚ್ಚಿಸಿ. ಮೊಳಕಾಲ್ಮೂರಿಗೆ ಹೋಗಿ ಸೀರೆ ತಂದೆ. ಮುಂದಿನ ಸೋಮವಾರ ಸಂಘದ ಹೆಂಗಸರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬ್ಯಾಂಕಿಗೆ ಹೋಗಿ ಉಳಿತಾಯದ ಖಾತೆಯನ್ನೂ ಮುಚ್ಚಿಸಿದೆ.

ಮ್ಯಾನೇಜರು ಕೂತಲ್ಲಿಂದ ಎದ್ದೇಬಿಟ್ಟ. "ಅಜ್ಜಿ, ನೀವು ಮಾತು ಕೊಟ್ಟಿದ್ರಿ!"

"ನೋಡಾನ ಅಂದಿದ್ದೆ. ನೋಡಿದೆ."

ಅವನನ್ನು ನೋಡಿ ನನಗೆ ಅಯ್ಯೋ ಅನ್ನಿಸಲಿಲ್ಲ. ಪಾಪ, ಅವನ ಕೆಲಸ ಅದು, ಮೇಲಿನವರು ಹೇಳಿದ್ದನ್ನು ಮಾಡುತ್ತಾನೆ ಅಂತ ಸೊಸೆ ದಾರಿಯುದ್ದಕ್ಕೂ ಹೇಳಿದಳು. ಇರಬಹುದು. ಮೇಲಿನವರು ನಮ್ಮೂರಿಗೆ ಬಂದರೆ ಅವರಿಗೂ ಮಜ್ಜಿಗೆ ಕೊಡುತ್ತೇನೆ, ಇಪ್ಪತ್ತು ರೂಪಾಯಿಗೆ.

ಮದುವೆಯ ದಿನ ನೇರಳೆ ಸೀರೆ ಉಟ್ಟುಕೊಂಡು ಪಂಕ್ತಿಯಲ್ಲಿ ಕೂತೆ. ಓರಗಿತ್ತಿ ಪಕ್ಕದ ಎಲೆಗೇ ಬಂದು ಕೂತಳು. ಸೆರಗನ್ನು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು, ಎಷ್ಟು ಕೊಟ್ಟೆ ಅಂತ ಕೇಳಲಿಲ್ಲ. ನಾನು ಸಾಂಬಾರು ಎರಡು ಸಲ ಹಾಕಿಸಿಕೊಂಡೆ. ಒಂದು ತುತ್ತು ಸೀರೆಯ ಅಂಚಿನ ಮೇಲೆ ಬಿತ್ತು. ಅವಳು ಬಾಯಿ ತೆರೆದಳು, ನನ್ನ ಮುಖ ನೋಡಿ ಮುಚ್ಚಿಕೊಂಡಳು. ಕಲೆ ಇನ್ನೂ ಹೋಗಿಲ್ಲ. ನಾನು ಉಜ್ಜಿಯೂ ಇಲ್ಲ.